ದನಿ ಗೊತ್ತಿದ್ದರೂ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮ ಮನೆಯವರು ಹೇಳುತ್ತಾರೆ. ಇರಬಹುದು. ಆದರೆ ಹತ್ತೊಂಬತ್ತು ವರ್ಷ ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು, ದಿನಕ್ಕೆ ನಾನೂರು ಕರೆ ಎತ್ತಿ, ಒಂದು ಸಲವೂ ಆ ಕೋಪ ದನಿಗೆ ಇಳಿಯದಂತೆ ನೋಡಿಕೊಂಡವಳು ನಾನು. ಅಲ್ಲಿ ಉಳಿಸಿದ್ದೆಲ್ಲ ಮನೆಯಲ್ಲಿ ಖರ್ಚಾಗುತ್ತಿತ್ತು, ಅದು ಬೇರೆ ಮಾತು.

ಎಕ್ಸ್‌ಚೇಂಜ್ ಎಂದರೆ ದೊಡ್ಡದೇನಲ್ಲ. ನೆಲಮಹಡಿಯಲ್ಲಿ ಮೆಟ್ಟಿಲ ಹಿಂದೆ ಒಂದು ಉದ್ದನೆಯ ಕೋಣೆ, ಎರಡು ಕುರ್ಚಿ, ತಲೆಗೆ ಸಿಕ್ಕಿಸಿಕೊಳ್ಳುವ ಎರಡು ಹೆಡ್‌ಸೆಟ್, ಗುಂಡಿ ತುಂಬಿದ ಎರಡು ಬೋರ್ಡು, ಆಂಬುಲೆನ್ಸ್ ನಿಲ್ಲುವ ಅಂಗಳಕ್ಕೆ ತೆರೆಯುವ ಒಂದು ಕಿಟಕಿ. ಎಡಗಡೆಯ ಕುರ್ಚಿ ದೊಡ್ಡಕ್ಕನದು. ಅವರು ನನಗೆ ಒಡಹುಟ್ಟಿದವರಲ್ಲ, ದೂರದ ನೆಂಟರೂ ಅಲ್ಲ. ನಾನು ಸೇರುವ ಹೊತ್ತಿಗೇ ಇಡೀ ಆಸ್ಪತ್ರೆ ಅವರನ್ನು ದೊಡ್ಡಕ್ಕ ಎನ್ನುತ್ತಿತ್ತು, ನಾನೂ ಅಂದೆ. ಮದುವೆಯಾದವರಲ್ಲ. ತಾಯಿ ಇರುವ ತನಕ ತಾಯಿಯ ಜೊತೆ ಇದ್ದರು, ತಾಯಿ ಹೋದ ಮೇಲೆ ಎರಡು ಕೋಣೆಯ ಮನೆಯಲ್ಲಿ ಒಬ್ಬರೇ.

ಕೆಲಸ ಕಲಿಸಿದವರು ಅವರೇ. ಮೊದಲ ತಿಂಗಳು ನನಗೆ ಬಾಯಿ ತೆರೆಯಲು ಬಿಡಲಿಲ್ಲ. ಪಕ್ಕದಲ್ಲಿ ಕೂತು ಬರೀ ಕೇಳಿಸಿಕೋ ಎಂದರು.

“ಒಳಗಿನವರನ್ನ ಯಾವತ್ತೂ ‘ಯಾರು ಮಾತಾಡೋದು’ ಅಂತ ಕೇಳಬಾರದು ಕಣೇ. ಹಾಗೆ ಕೇಳೋದಾದ್ರೆ ನಾವು ಯಾಕೆ ಬೇಕು? ದನಿ ಕಿವಿಗೆ ಬಿದ್ದ ತಕ್ಷಣ ಗೊತ್ತಾಗಬೇಕು. ಇನ್ನೊಂದು, ನಾವಾಗಿ ಮೊದಲು ಲೈನ್ ಕಟ್ ಮಾಡಬಾರದು. ಅವರು ಇಟ್ಟ ಮೇಲೆ ನಾವು ಇಡೋದು.”

ಗೊತ್ತಾಗುತ್ತಾ ಹೋಯಿತು. ಎಕ್ಸ್‌ರೇ ವಿಭಾಗದವರು ಮಾತಿಗೆ ಮುಂಚೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ಮೂರನೇ ಮಹಡಿಯ ಹೆಡ್ ನರ್ಸ್ ಒಮ್ಮೆ ಉಸಿರೆಳೆದುಕೊಂಡು ಶುರು ಮಾಡುತ್ತಾರೆ. ದೊಡ್ಡ ಸರ್ಜನ್ನರಿಗೆ ಹಲೋ ಎನ್ನುವ ಅಭ್ಯಾಸವೇ ಇಲ್ಲ, ನೇರವಾಗಿ ವಾರ್ಡಿನ ನಂಬರು. ಐನೂರು ಚಿಲ್ಲರೆ ಜನರ ದನಿ ನನ್ನ ಕಿವಿಯಲ್ಲಿತ್ತು. ಅವರಿಗೆ ನೆಗಡಿಯಾದರೂ ನಾನು ತಪ್ಪುತ್ತಿರಲಿಲ್ಲ. ಇದರ ಜಂಬ ನನಗೆ ಇತ್ತು, ಸುಳ್ಳೇಕೆ ಹೇಳಲಿ.

ಹೀಗಿರುವಾಗ ಆಡಳಿತ ವಿಭಾಗದ ಮ್ಯಾನೇಜರು ನಮ್ಮಿಬ್ಬರನ್ನೂ ಕರೆಸಿದರು. ಹೊಸ ಯಂತ್ರ ಬರುತ್ತದಂತೆ, ಕರೆ ತಾನಾಗಿಯೇ ಹೋಗಬೇಕಾದಲ್ಲಿಗೆ ಹೋಗುತ್ತದಂತೆ, ಇನ್ನು ಮೂರು ತಿಂಗಳಿಗೆ ಎಕ್ಸ್‌ಚೇಂಜ್ ಮುಚ್ಚುತ್ತಾರಂತೆ. ದೊಡ್ಡಕ್ಕನಿಗೆ ಹೇಗೂ ಆ ತಿಂಗಳೇ ನಿವೃತ್ತಿ. ನನಗೆ ಇನ್ನೂ ಹದಿನೈದು ವರ್ಷ ಸರ್ವಿಸ್ ಬಾಕಿ ಇತ್ತು.

“ನಿಮ್ಮನ್ನ ಬಿಟ್ಟುಕೊಡಲ್ಲಮ್ಮ,” ಎಂದು ಮ್ಯಾನೇಜರು ಬೆಣ್ಣೆಯಂಥ ದನಿಯಲ್ಲಿ ಹೇಳಿದರು. “ಕಂಪ್ಯೂಟರ್ ವಿಭಾಗದ ಹೆಲ್ಪ್ ಡೆಸ್ಕಲ್ಲಿ ಒಂದು ಸೀಟಿದೆ. ಅದೂ ಫೋನಿನ ಕೆಲಸವೇ. ಯಾರದಾದ್ರೂ ಕಂಪ್ಯೂಟರ್ ಕೈ ಕೊಟ್ರೆ ಡೆಸ್ಕಿಗೆ ಫೋನ್ ಮಾಡ್ತಾರೆ, ನೀವು ಸರಿ ಮಾಡಿಸಬೇಕು. ಆದರೆ ಅದಕ್ಕೊಂದು ಸರ್ಟಿಫಿಕೇಟ್ ಬೇಕು, ಆಮೇಲೆ ಡೆಸ್ಕಿನವರ ಟೆಸ್ಟು. ಇವೆರಡೂ ಆಗದಿದ್ರೆ ಬಟ್ಟೆ ಉಗ್ರಾಣ.”

ಬಟ್ಟೆ ಉಗ್ರಾಣವನ್ನು ನಾನು ನೋಡಿದ್ದೆ. ನೆಲದಡಿಯ ದೊಡ್ಡ ಹಾಲ್. ಸೂರಿನ ತನಕ ಮಡಿಸಿಟ್ಟ ಹಾಸಿಗೆ ಹೊದಿಕೆ, ದಿಂಬಿನ ಚೀಲ, ಹಸಿರು ಗೌನು. ಬೆಳಗ್ಗೆ ಡಜನ್ ಲೆಕ್ಕದಲ್ಲಿ ಕೊಡುವುದು, ಸಂಜೆ ಡಜನ್ ಲೆಕ್ಕದಲ್ಲಿ ತೆಗೆದುಕೊಳ್ಳುವುದು. ಅಲ್ಲಿ ಫೋನಿಲ್ಲ. ಮಾತಾಡಿದರೂ ಅಷ್ಟೊಂದು ಬಟ್ಟೆ ಸೇರಿ ದನಿಯನ್ನು ನುಂಗಿಬಿಡುತ್ತದೆ, ನಿಮ್ಮ ಮಾತು ನಿಮಗೇ ಕೇಳುವುದಿಲ್ಲ. ಸಂಬಳ ಎರಡೂ ಕಡೆ ಒಂದೇ. ಆದರೆ ಅಲ್ಲಿಗೆ ಹೋದರೆ ಹದಿನೈದು ವರ್ಷ ಒಬ್ಬರೂ ನನ್ನ ಕಿವಿಯಲ್ಲಿ ಮಾತಾಡುವುದಿಲ್ಲ. ನನಗೆ ಆ ಸೀಟು ಬೇಕೇ ಬೇಕಿತ್ತು.

ಮ್ಯಾನೇಜರು ಕೊಟ್ಟ ಹಾಳೆಯಲ್ಲಿ ಮೂರು ಸರ್ಟಿಫಿಕೇಟುಗಳ ಹೆಸರಿತ್ತು, ಮೂರರಲ್ಲಿ ಯಾವುದಾದರೂ ಒಂದು ಸಾಕು. ಒಂದು ಕಂಪ್ಯೂಟರ್ ದುರಸ್ತಿ ಮತ್ತು ಬಳಕೆದಾರರ ಸಹಾಯದ್ದು. ಇನ್ನೊಂದು ನೆಟ್‌ವರ್ಕಿನದು. ಮೂರನೆಯದು ಸೈಬರ್ ಭದ್ರತೆಯದು. ಅವತ್ತು ಸಂಜೆ ಮನೆಯಲ್ಲಿ ಅದನ್ನು ಊಟದ ಮೇಜಿನ ಮೇಲೆ ಹರಡಿದ್ದೇ ತಡ, ಎಲ್ಲರೂ ಮೂಗು ತೂರಿಸಿದರು.

“ಅಮ್ಮ, ನೆಟ್‌ವರ್ಕ್ ತಗೋ,” ಎಂದಳು ಮಗಳು. ಅವಳು ಓದುತ್ತಿರುವುದು ಲೆಕ್ಕಪತ್ರ. ನೆಟ್‌ವರ್ಕ್ ಬಗ್ಗೆ ಅವಳಿಗೆ ಗೊತ್ತಿದ್ದದ್ದು, ಅದು ಮಹಡಿಯಲ್ಲಿ ಸಿಗುವುದಿಲ್ಲ ಎಂಬುದಷ್ಟೇ.

ಅಕ್ಕನ ಮಗನಿಗೆ ಫೋನ್ ಮಾಡಿದೆವು. ಅವನು ಕಂಪ್ಯೂಟರ್ ಕಂಪನಿಯಲ್ಲಿ ಎಂಟು ವರ್ಷದಿಂದ ಇದ್ದಾನೆ. ಏನು ಮಾಡುತ್ತಾನೆ ಎಂದು ಯಾರಿಗೂ ಬಿಡಿಸಿ ಹೇಳಿಲ್ಲ.

“ಚಿಕ್ಕಮ್ಮ, ಯೋಚನೆನೇ ಮಾಡಬೇಡಿ, ಭದ್ರತೆ. ಈಗ ಎಲ್ಲರೂ ಅದನ್ನೇ ತಗೋತಿರೋದು. ದುರಸ್ತಿ ಗಿರಸ್ತಿ ಎಲ್ಲ ಮಕ್ಕಳಾಟ.”

ನಮ್ಮ ಮನೆಯವರು ಮಾತ್ರ ಅವಸರಪಡಲಿಲ್ಲ. ಅವರದು ಬಸ್ ನಿಲ್ದಾಣದ ಪಕ್ಕ ಬೀಗ ರಿಪೇರಿ ಮಾಡುವ, ಕೀಲಿಕೈ ಕಡೆಯುವ ಪುಟ್ಟ ಅಂಗಡಿ. ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾವುದರಲ್ಲಿ ಸ್ಕ್ರೂಡ್ರೈವರ್ ಹಿಡೀಬೇಕು?” ಎಂದು ಕೇಳಿದರು. ಮೊದಲನೆಯದರಲ್ಲಿ ಎಂದೆ. “ಹಾಗಾದ್ರೆ ಅದು,” ಎಂದರು. ಈ ಮನುಷ್ಯನಿಗೆ ಸ್ಕ್ರೂಡ್ರೈವರ್ ಬಿಟ್ಟು ಬೇರೆ ಪ್ರಪಂಚವೇ ಇಲ್ಲವಲ್ಲ ಎಂದು ನಾನು ಸೊಪ್ಪು ಹಾಕಲಿಲ್ಲ. ಓದುವುದಾದರೆ ದೊಡ್ಡದನ್ನೇ ಓದಬೇಕು ಎಂದು ಭದ್ರತೆಯ ದಪ್ಪ ಪುಸ್ತಕ ತರಿಸಿದೆ.

ಅದು ಕಬ್ಬಿಣದ ಕಡಲೆ. ಪ್ರತಿ ಸಾಲಿನಲ್ಲೂ ಮೂರು ಮೂರು ಅಕ್ಷರದ ಹೆಸರುಗಳು. ಒಂದರ ಅರ್ಥ ಹುಡುಕಹೋದರೆ ಅಲ್ಲಿ ಇನ್ನೂ ನಾಲ್ಕು. ಬಸ್ಸಿನಲ್ಲಿ ಓದಿದೆ, ಒಲೆಯ ಮುಂದೆ ಓದಿದೆ, ಎಕ್ಸ್‌ಚೇಂಜಿನಲ್ಲಿ ಎರಡು ಕರೆಗಳ ನಡುವೆ ಓದಿದೆ. ದೊಡ್ಡಕ್ಕ ನನ್ನ ಪಾಲಿನ ಕರೆಗಳನ್ನೂ ತಾವೇ ಎತ್ತಿಕೊಂಡು, “ನೀನು ಓದು, ಓದು” ಎನ್ನುತ್ತಿದ್ದರು. ಮೂರು ವಾರದ ಮೇಲೆ ಮನೆಯಲ್ಲಿ ಒಂದು ಅಭ್ಯಾಸ ಪರೀಕ್ಷೆ ಬರೆದು ನೋಡಿದರೆ ನೂರಕ್ಕೆ ಇಪ್ಪತ್ತೆಂಟು. ಕಣ್ಣು ಮುಚ್ಚಿ ಗುರುತು ಹಾಕಿದ್ದರೂ ಅಷ್ಟು ಬರುತ್ತಿತ್ತು. ಪುಸ್ತಕವನ್ನು ಸೋಫಾದ ಮೇಲೆ ಎಸೆದೆ. ಮಗಳು ಮೆಲ್ಲಗೆ ಎದ್ದು ತನ್ನ ಕೋಣೆಗೆ ಹೋದಳು.

ಮಾರನೆಯ ದಿನ ಊಟದ ಬಿಡುವಿನಲ್ಲಿ ಹೆಲ್ಪ್ ಡೆಸ್ಕಿಗೆ ಹೋದೆ. ಅಲ್ಲಿನ ಮುಖ್ಯಸ್ಥೆ ಮೂವತ್ತರ ಹೆಂಗಸು. ದುಂಡು ಕನ್ನಡಕ ಹಾಕುತ್ತಿದ್ದುದರಿಂದ ನಾನೂ ದೊಡ್ಡಕ್ಕನೂ ನಮ್ಮ ನಮ್ಮಲ್ಲಿ ಆಕೆಯನ್ನು ಕನ್ನಡಕ ಎನ್ನುತ್ತಿದ್ದೆವು. ಎದುರಿಗೆ ನಾನು ಆಕೆಗೆ ಮೇಡಂ, ಆಕೆ ನನಗೆ ಮೇಡಂ.

“ಯಾವುದು ಓದ್ತಿದೀರಿ ಮೇಡಂ?”

“ಭದ್ರತೆ, ಮೇಡಂ.”

“ಯಾಕೆ ಅದು?”

“ದೊಡ್ಡದು ಅಂತ.”

ಆಕೆ ನಗಲಿಲ್ಲ, ಅದೊಂದು ಪುಣ್ಯ. ಮೇಜಿನ ಕೆಳಗಿಂದ ಒಂದು ಹಳೆಯ ಕಂಪ್ಯೂಟರ್ ಪೆಟ್ಟಿಗೆ ಎಳೆದು, ಪಕ್ಕದ ತಗಡು ಬಿಚ್ಚಿ, “ಇದರೊಳಗೆ ಏನೇನಿದೆ ಹೇಳಿ ನೋಡೋಣ,” ಎಂದಳು.

ನಾನು ಬಗ್ಗಿ ನೋಡಿದೆ. “ಧೂಳು,” ಎಂದೆ.

ಈಗ ನಕ್ಕಳು. ನನಗೂ ನಗು ಬಂತು.

“ನಮಗೆ ಬರೋ ಹತ್ತು ಕರೆಯಲ್ಲಿ ಎಂಟು ಯಾವುದು ಗೊತ್ತಾ? ಸ್ಕ್ರೀನ್ ಕಪ್ಪಗಿದೆ, ಪ್ರಿಂಟರ್ ನಿಂತಿದೆ, ಪಾಸ್‌ವರ್ಡ್ ಮರ್ತೋಯ್ತು. ಅದನ್ನ ಕಲಿಸೋದು ಮೊದಲನೇ ಸರ್ಟಿಫಿಕೇಟ್. ಅದು ಬಂದ ಮೇಲೆ ನೆಟ್‌ವರ್ಕ್ ಬೇಕು ಅನ್ನಿಸಿದ್ರೆ ನೆಟ್‌ವರ್ಕ್, ಭದ್ರತೆ ಬೇಕು ಅನ್ನಿಸಿದ್ರೆ ಭದ್ರತೆ. ಮಾಡೋ ಕೆಲಸ ನೋಡಿ ಸರ್ಟಿಫಿಕೇಟ್ ಆರಿಸಬೇಕು ಮೇಡಂ, ಅದರ ಹೆಸರು ನೋಡಿ ಅಲ್ಲ.”

ಅಕ್ಕನ ಮಗನಿಗೆ ಮನಸ್ಸಿನಲ್ಲೇ ನಾಲ್ಕು ಮಾತು ಅಂದುಕೊಂಡು ಮೊದಲನೆಯದಕ್ಕೆ ಹೆಸರು ಬರೆಸಿದೆ. ಆ ಹಳೆಯ ಪೆಟ್ಟಿಗೆಯನ್ನು ಕನ್ನಡಕ ನನಗೆ ಮನೆಗೆ ಕೊಟ್ಟು ಕಳಿಸಿದಳು. ಊಟದ ಮೇಜು ಅವತ್ತಿನಿಂದ ವರ್ಕ್‌ಶಾಪ್ ಆಯಿತು. ನಾನು ಬಿಚ್ಚುವುದು, ಮಗಳು ಪುಸ್ತಕ ಹಿಡಿದು ಪ್ರಶ್ನೆ ಕೇಳುವುದು, ನಮ್ಮ ಮನೆಯವರು ಸ್ಕ್ರೂಗಳನ್ನು ಅಳತೆಯ ಪ್ರಕಾರ ತಟ್ಟೆಯಲ್ಲಿ ಜೋಡಿಸುವುದು. ಅವರಷ್ಟು ಖುಷಿಯಾಗಿದ್ದುದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ. ಮೆಮೊರಿ ಪಟ್ಟಿ ಸಡಿಲವಾಗಿ ಕೂತರೆ ಆ ಪೆಟ್ಟಿಗೆ ಕೀಂ ಕೀಂ ಎಂದು ಒಂದು ಲಯದಲ್ಲಿ ಕೂಗುತ್ತದೆ, ಚಿತ್ರ ಮೂಡಿಸುವ ಭಾಗ ಕೆಟ್ಟರೆ ಇನ್ನೊಂದು ಲಯ. ಎರಡೇ ದಿನದಲ್ಲಿ ಅಡಿಗೆಮನೆಯಿಂದಲೇ ಕೇಳಿ ಹೇಳುತ್ತಿದ್ದೆ. ಅಲ್ಲಿಂದ ಮುಂದೆ ಪುಸ್ತಕ ತಲೆಗೆ ಹತ್ತಿತು.

ಎರಡನೇ ತಿಂಗಳ ಕೊನೆಗೆ ಪರೀಕ್ಷೆ ಬರೆದೆ. ನನ್ನ ಸುತ್ತ ಕೂತವರೆಲ್ಲ ನನ್ನ ಮಗಳ ವಯಸ್ಸಿನವರು. ಒಬ್ಬಳು ನಾನೇ ಮೇಲ್ವಿಚಾರಕಿ ಎಂದು ತಿಳಿದು ಹೊರಗೆ ಹೋಗಲು ನನ್ನ ಅಪ್ಪಣೆ ಕೇಳಿದಳು, ಕೊಟ್ಟೆ. ಕೊನೆಯ ಗುಂಡಿ ಒತ್ತಿದ ತಕ್ಷಣ ಪರದೆಯ ಮೇಲೆ ಪಾಸಾಗಿದ್ದೀರಿ ಎಂದು ಬಂತು. ಮಗಳು ಸರ್ಟಿಫಿಕೇಟನ್ನು ಮುದ್ರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ದೊಡ್ಡಕ್ಕ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದು, “ಗೊತ್ತಿತ್ತು ಕಣೇ ನನಗೆ,” ಎಂದರು. ಅವರ ಕಣ್ಣು ಒದ್ದೆಯಾಗಿತ್ತು. ಇನ್ನೊಂದು ತಿಂಗಳಲ್ಲಿ ನಾವು ಅಕ್ಕಪಕ್ಕ ಕೂರುವುದಿಲ್ಲ ಎಂಬುದು ಇಬ್ಬರಿಗೂ ನೆನಪಿತ್ತು, ಇಬ್ಬರೂ ಆ ಮಾತು ಎತ್ತಲಿಲ್ಲ.

ಎಕ್ಸ್‌ಚೇಂಜ್ ಮುಚ್ಚುವ ವಾರವೇ ಡೆಸ್ಕಿನ ಟೆಸ್ಟ್ ಇತ್ತು. ಒಂದು ಕೋಣೆಯಲ್ಲಿ ನನ್ನನ್ನು ಫೋನ್ ಮತ್ತು ಕಂಪ್ಯೂಟರಿನ ಮುಂದೆ ಕೂರಿಸಿದರು. ಮೂರು ಕರೆ ಬರುತ್ತದೆ, ಮೂರನ್ನೂ ಸರಿಯಾಗಿ ಮುಗಿಸಬೇಕು. ಎದುರಿಗೆ ಒಂದು ಹಾಳೆ ಅಂಟಿಸಿದ್ದರು: ಪಾಸ್‌ವರ್ಡ್ ಬದಲಿಸುವ ಮುಂಚೆ ಕರೆ ಮಾಡಿದವರ ಪೂರ್ತಿ ಹೆಸರು ಮತ್ತು ಸಿಬ್ಬಂದಿ ನಂಬರು, ಹುಟ್ಟಿದ ತಾರೀಕು, ತುರ್ತು ಹೊತ್ತಿನಲ್ಲಿ ಯಾರಿಗೆ ತಿಳಿಸಬೇಕೆಂದು ಅವರು ಬರೆಸಿದ್ದಾರೋ ಆ ಹೆಸರು, ಈ ಮೂರನ್ನೂ ಕೇಳಬೇಕು ಎಂದು. ನಾನು ಓದಿಕೊಂಡೆ.

ಮೊದಲ ಕರೆ ಕಪ್ಪು ಸ್ಕ್ರೀನು. ಹಿಂದಿನ ಕೇಬಲ್ ಒತ್ತಿ ನೋಡಿ ಎಂದೆ, ಸರಿಹೋಯಿತು. ಎರಡನೆಯದು ಪ್ರಿಂಟರು. ಅದನ್ನೂ ಮುಗಿಸಿದೆ. ಮೂರನೇ ಕರೆ ಎತ್ತಿದಾಗ ಹಲೋ ಇಲ್ಲ, ಏನೂ ಇಲ್ಲ.

“ಆರನೇ ವಾರ್ಡು. ನನ್ನ ಪಾಸ್‌ವರ್ಡ್ ಮರ್ತೋಗಿದೆ. ಪೇಷೆಂಟ್ ಮುಂದೆ ನಿಂತಿದೀನಿ, ಬೇಗ.”

ದೊಡ್ಡ ಸರ್ಜನ್ನರು. “ಆಯ್ತು ಸರ್, ಒಂದು ನಿಮಿಷ,” ಎಂದೆ. ಒಂದು ನಿಮಿಷವೂ ಬೇಕಾಗಲಿಲ್ಲ. ಹೊಸ ಪಾಸ್‌ವರ್ಡ್ ಕೊಟ್ಟು, ಅವರು ಇಟ್ಟ ಮೇಲೆ ಇಟ್ಟು, ಕುರ್ಚಿಗೆ ಒರಗಿದೆ. ಎಂಥ ಕೆಲಸ ಮಾಡಿದೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದೊಂದು ಬಾಕಿ.

ಕನ್ನಡಕ ಒಳಗೆ ಬಂದಳು.

“ಮೂರನೇದು ತಪ್ಪಾಯ್ತು ಮೇಡಂ. ನೀವು ಅವರನ್ನ ಏನೂ ಕೇಳಲೇ ಇಲ್ಲ.”

“ಕೇಳೋದೇನು? ಅದು ದೊಡ್ಡ ಸರ್ಜನ್ನರ ದನಿ. ಹೌದೋ ಅಲ್ವೋ ಹೇಳಿ.”

“ಹೌದು. ಅವರನ್ನೇ ಕೇಳಿಕೊಂಡು ಮಾಡಿಸಿದ್ದೆ.”

“ಮತ್ತೆ? ನಾನು ಸರಿಯಾಗೇ ಗುರುತು ಹಿಡಿದೆನಲ್ಲ!”

ನನ್ನ ದನಿ ಏರಿತು. ಹತ್ತೊಂಬತ್ತು ವರ್ಷದಲ್ಲಿ ಆಸ್ಪತ್ರೆಯೊಳಗೆ ಅದೇ ಮೊದಲು. ಆಕೆ ಅದೇ ಶಾಂತ ದನಿಯಲ್ಲಿ ಹೇಳಿದಳು:

“ನೀವು ಹಿಡಿದ್ರಿ. ಭಾನುವಾರ ನಿಮ್ಮ ಕುರ್ಚಿಯಲ್ಲಿ ಇನ್ನೊಬ್ಬರು ಕೂತಿರ್ತಾರೆ, ಅವರು ಹಿಡೀತಾರಾ? ಒರಟಾಗಿ ವಾರ್ಡ್ ನಂಬರ್ ಹೇಳಿದ್ರೆ ಪಾಸ್‌ವರ್ಡ್ ಸಿಗುತ್ತೆ ಅಂತ ಹೊರಗೆ ಒಬ್ಬರಿಗೆ ಗೊತ್ತಾದ್ರೆ ಸಾಕು, ಅಷ್ಟೂ ಪೇಷೆಂಟುಗಳ ಫೈಲು ಅವರ ಕೈಗೆ ಹೋಗುತ್ತೆ. ಅದಕ್ಕೇ ಎಲ್ಲರನ್ನೂ ಕೇಳಬೇಕು. ಗೊತ್ತಿರೋರನ್ನೂ.”

ಕೆಳಗಿನ ಉಗ್ರಾಣ, ಸೂರಿನ ತನಕ ಏರಿದ ಬಿಳಿ ಹೊದಿಕೆ ಕಣ್ಣ ಮುಂದೆ ಬಂತು. ಆಕೆ ಪೆನ್ನು ತಿರುಗಿಸುತ್ತಾ ಹೇಳಿದಳು:

“ಸೋಮವಾರದಿಂದ ಒಂದು ವಾರ ಡೆಸ್ಕಲ್ಲೇ ಕೂತ್ಕೊಳ್ಳಿ. ನಿಜವಾದ ಕರೆಗಳನ್ನೇ ಎತ್ತಿ. ಅದರಲ್ಲಿ ಒಂದು ನಾನು ಮಾಡಿಸೋ ಟೆಸ್ಟ್ ಕರೆ ಇರುತ್ತೆ. ಯಾವುದು ಅಂತ ಹೇಳಲ್ಲ. ಅದೂ ತಪ್ಪಿದ್ರೆ ಆಮೇಲೆ ನನ್ನ ಕೈಯಲ್ಲಿ ಏನೂ ಇಲ್ಲ ಮೇಡಂ.”

ಮನೆಗೆ ಹೋಗಿ ಮುಖ ಊದಿಸಿಕೊಂಡು ಕೂತೆ. ದನಿ ಗೊತ್ತಿದ್ದೂ ನೀವು ಯಾರು ಎಂದು ಕೇಳುವುದು ಎಂಥ ಹುಚ್ಚಾಟ ಎಂದು ನಮ್ಮ ಮನೆಯವರ ಮುಂದೆ ಕೂಗಾಡಿದೆ. ಅವರು ಒಂದು ಕೀಲಿಕೈಯನ್ನು ಅರದಿಂದ ಉಜ್ಜುತ್ತಾ ಕೇಳಿಸಿಕೊಂಡರು.

“ನಮ್ಮಣ್ಣ ನನ್ನ ಹತ್ತಿರ ಎರಡು ವರ್ಷ ಮಾತು ಬಿಟ್ಟಿದ್ದ, ನೆನಪಿದೆಯಾ?” ಎಂದರು.

“ನೀವು ಅವರ ಮನೆ ಬೀಗ ತೆಗೆದುಕೊಡಲಿಲ್ಲ ಅಂತ ತಾನೇ?”

“ತೆಗೆದೆ. ಆದರೆ ಅತ್ತಿಗೆ ಬಂದು ಹೂಂ ಅಂದ ಮೇಲೆ ತೆಗೆದೆ. ಮನೆ ಅತ್ತಿಗೆ ಹೆಸರಲ್ಲಿತ್ತು. ಬೀಗ ತೆಗೆಯೋನು ಅಣ್ಣ ತಮ್ಮ ಅಂತ ನೋಡ್ತಾ ಹೋದ್ರೆ, ನಾಳೆ ಯಾರೂ ತಮ್ಮ ಮನೆಗೆ ನನ್ನ ಕರೆಯಲ್ಲ.” ಅರವನ್ನು ಕೆಳಗಿಟ್ಟು ಕೀಲಿಕೈಯನ್ನು ಬೆಳಕಿಗೆ ಹಿಡಿದರು. “ಅವನಿಗೆ ಬೇಜಾರಾಯ್ತು. ನನಗೂ ಆಯ್ತು.”

ಅಷ್ಟು ಹೇಳಿ ಮತ್ತೆ ಉಜ್ಜತೊಡಗಿದರು.

ಶುಕ್ರವಾರ ಎಕ್ಸ್‌ಚೇಂಜ್ ಮುಚ್ಚಿತು. ದೊಡ್ಡಕ್ಕ ತಮ್ಮ ಹೆಡ್‌ಸೆಟ್ಟನ್ನು ಒರೆಸಿ ಡಬ್ಬಿಯಲ್ಲಿಟ್ಟು, ಕಿಟಕಿಯ ಚಿಲಕ ಹಾಕಿ, “ಊಟ ಬಿಡಬೇಡ,” ಎಂದಷ್ಟೇ ಹೇಳಿ ಹೊರಟರು. ಟೆಸ್ಟಿನಲ್ಲಿ ತಪ್ಪಿದ್ದನ್ನು ನಾನು ಅವರಿಗೆ ಹೇಳಿರಲಿಲ್ಲ. ಯಾಕೆ ತಪ್ಪಿತು ಎಂದು ಕೇಳಿದ್ದರೆ ಏನು ಹೇಳುವುದು?

ಸೋಮವಾರದಿಂದ ಡೆಸ್ಕು. ಪ್ರತಿ ಸಲವೂ ಟೆಸ್ಟ್ ಕರೆ ಇದೇ ಇರಬಹುದೇ ಎಂದು, ಅಲ್ಲೂ ಎದುರಿಗೆ ಅಂಟಿಸಿದ್ದ ಅದೇ ಹಾಳೆಯ ಮೇಲೆ ಕಣ್ಣಾಡಿಸುತ್ತಿದ್ದೆ. ಹೆಡ್ ನರ್ಸ್ ಉಸಿರೆಳೆದುಕೊಂಡು ಪಾಸ್‌ವರ್ಡ್ ಕೇಳಿದಾಗ, ಹಾಳೆ ನೋಡಿಕೊಂಡು ಹುಟ್ಟಿದ ತಾರೀಕು ಕೇಳಿದೆ.

“ನನ್ನ ವಯಸ್ಸು ಕಟ್ಕೊಂಡು ನಿನಗೇನಾಗಬೇಕೇ?” ಎಂದರು ಅವರು.

“ಸಂಬಂಧ ಕುದುರಿಸೋಕಲ್ಲ ಸಿಸ್ಟರ್, ಪಾಸ್‌ವರ್ಡ್ ಕೊಡೋಕೆ,” ಎಂದೆ. ನಕ್ಕು ಹೇಳಿದರು. ಎಕ್ಸ್‌ರೇ ವಿಭಾಗದವರು ಗಂಟಲು ಸರಿಮಾಡಿಕೊಂಡು ಬೈದರು, ಬೈದು ಹೇಳಿದರು. ಮಂಗಳವಾರ ಔಷಧಿ ಅಂಗಡಿಯವರು, ಬುಧವಾರ ಇಬ್ಬರು ಡಾಕ್ಟರು. ಕೇಳಬೇಕಾದದ್ದನ್ನು ಕೇಳುತ್ತಾ ಹೋದೆ. ಹೇಳಿದ್ದನ್ನು ನಾವು ಚೌಕದೊಳಗೆ ಬರೆಯಬೇಕು. ಸರಿಯೋ ತಪ್ಪೋ ಅಷ್ಟನ್ನೇ ಕಂಪ್ಯೂಟರ್ ತೋರಿಸುತ್ತದೆ, ಒಳಗೆ ಏನಿದೆ ಎಂಬುದು ನಮಗೂ ಕಾಣುವುದಿಲ್ಲ.

ಗುರುವಾರ ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಫೋನ್ ಬಂತು.

“ನಾನು ಕಣೇ.”

ದೊಡ್ಡಕ್ಕ. ಕಿವಿಗೆ ಎಷ್ಟು ಹಿತವಾಯಿತೆಂದರೆ ಒಂದು ಕ್ಷಣ ಎಲ್ಲಿ ಕೂತಿದ್ದೇನೆ ಎಂಬುದೇ ಮರೆಯಿತು.

“ಕಣ್ಣಿನ ಪೊರೆ ಆಪರೇಷನ್ನಿಗೆ ತಾರೀಕು ಕೊಟ್ಟಿದ್ದಾರಂತೆ. ಅದೇನೋ ಆಸ್ಪತ್ರೆ ವೆಬ್‌ಸೈಟಿನ ನನ್ನ ಸಿಬ್ಬಂದಿ ಪೇಜಿನಲ್ಲಿ ಹಾಕಿದ್ದಾರಂತೆ, ರಿಟೈರಾದೋರಿಗೂ ಅದೇ ಅಂತೆ, ಒಳಗೆ ಹೋಗೋಕೇ ಬಿಡ್ತಿಲ್ಲ. ಪಾಸ್‌ವರ್ಡ್ ಏನಿಟ್ಟಿದ್ದೆನೋ ಏನೋ. ಒಂಚೂರು ತೆಗೆದುಕೊಡು.”

ನನ್ನ ಕಣ್ಣು ಎದುರಿನ ಹಾಳೆಯ ಮೇಲೆ ಹೋಯಿತು. ಕನ್ನಡಕ ದೊಡ್ಡ ಸರ್ಜನ್ನರನ್ನೇ ಕೇಳಿಕೊಂಡವಳು, ದೊಡ್ಡಕ್ಕನನ್ನು ಬಿಟ್ಟಾಳೆಯೇ? ಇದೇ ಆ ಕರೆ ಎಂದು ನನಗೆ ಖಾತ್ರಿಯಾಯಿತು. ನಾನು ಎಲ್ಲಿ ಜಾರುತ್ತೇನೆ ಎಂದು ಗೊತ್ತಿದ್ದವರು ಇವರನ್ನೇ ಕರೆತರಬೇಕು.

“ದಯವಿಟ್ಟು ನಿಮ್ಮ ಪೂರ್ತಿ ಹೆಸರು ಹೇಳ್ತೀರಾ?” ಎಂದೆ.

“ಏನಂದೆ?”

“ಹೆಸರು ಅಕ್ಕ. ಎಲ್ಲರನ್ನೂ ಕೇಳಬೇಕು.”

“ನನ್ನನ್ನೂ?”

“ನಿಮ್ಮನ್ನೂ.”

ಬೇರೆ ಯಾರದೋ ಹೆಸರನ್ನು ಓದಿ ಹೇಳುವಂತೆ ತಮ್ಮ ಹೆಸರು ಹೇಳಿದರು. ಸಿಬ್ಬಂದಿ ನಂಬರು ಹೇಳಿದರು. ಹುಟ್ಟಿದ ತಾರೀಕು ಹೇಳಿದರು. ಒಂದೊಂದನ್ನೂ ಬರೆದೆ, ಒಂದೊಂದಕ್ಕೂ ಸರಿ ಎಂದು ಬಂತು.

“ತುರ್ತು ಹೊತ್ತಲ್ಲಿ ಯಾರಿಗೆ ತಿಳಿಸಬೇಕು ಅಂತ ಒಂದು ಹೆಸರು ಬರೆಸಿರ್ತೀರಿ. ಅದು ಯಾರದು?”

ಅವರ ಮನೆಯ ಕಿಟಕಿಯಿಂದ ಬರುವ ರಸ್ತೆಯ ಸದ್ದು ಕೇಳುತ್ತಿತ್ತು. ಉಸಿರು ಕೇಳುತ್ತಿತ್ತು.

“ಆ ಹೆಸರು ನಾನು ಹೇಳೋದಿಲ್ಲ.”

“ಹೇಳದಿದ್ರೆ ತೆಗೆಯೋಕಾಗಲ್ಲ ಅಕ್ಕ.”

“ನನ್ನ ದನಿ ಸಾಲದೇನೇ ನಿನಗೆ?”

“ಸಾಲದು ಅಕ್ಕ.” ನನ್ನ ಬಾಯಿಂದಲೇ ಬಂತು ಆ ಮಾತು. “ಗುರುತಿನ ಕಾರ್ಡ್ ತಗೊಂಡು ಡೆಸ್ಕಿನ ಕೌಂಟರಿಗೆ ಬಂದ್ರೆ ಅಲ್ಲೇ...”

ಲೈನ್ ಕಟ್ಟಾಯಿತು. ಕಟ್ ಮಾಡಿದವರು ದೊಡ್ಡಕ್ಕ. ನಾನು ಹೆಡ್‌ಸೆಟ್ ಕಳಚಿ ಮೇಜಿನ ಮೇಲಿಟ್ಟು ಸೀದಾ ಕನ್ನಡಕದ ಹತ್ತಿರ ಹೋದೆ.

“ಅದು ನಿಮ್ಮ ಕರೆ ತಾನೇ? ಹೇಳಿಬಿಡಿ ಮೇಡಂ, ಅವರ ಹತ್ತಿರ ಯಾಕೆ ಮಾಡಿಸಿದ್ರಿ?”

“ಯಾವ ಕರೆ?”

“ದೊಡ್ಡಕ್ಕನದು. ಈಗ ಬಂತಲ್ಲ.”

ಆಕೆ ನನ್ನನ್ನು ಪಕ್ಕದ ಕುರ್ಚಿಯಲ್ಲಿ ಕೂರಿಸಿದಳು. “ಇಲ್ಲ ಮೇಡಂ. ನನ್ನ ಕರೆ ಮಂಗಳವಾರವೇ ಆಯ್ತು. ಔಷಧಿ ಅಂಗಡಿಯವರು. ನೀವು ಮೂರೂ ಪ್ರಶ್ನೆ ಕೇಳಿದ್ರಿ. ಸೀಟು ಅವತ್ತೇ ನಿಮ್ಮದಾಯ್ತು. ವಾರ ಮುಗಿದ ಮೇಲೆ ಹೇಳೋಣ ಅಂತಿದ್ದೆ.”

ಮೂರು ತಿಂಗಳಿಂದ ಕಾದಿದ್ದ ಮಾತು. ನಾನು ಒಂದು ಹನಿ ಸಂತೋಷವೂ ಇಲ್ಲದೆ ಅದನ್ನು ಕೇಳಿಸಿಕೊಂಡೆ. ದೊಡ್ಡಕ್ಕ ಮಾಡಿದ್ದು ನಿಜವಾದ ಕರೆ. ತಾರೀಕು ಗೊತ್ತಾಗದೆ, ಮಂಜಾದ ಕಣ್ಣಲ್ಲಿ ಮತ್ತೆ ಮತ್ತೆ ಒತ್ತಿ ನೋಡಿ, ಕೊನೆಗೆ ನಾನಿದ್ದೇನಲ್ಲ ಎಂದು ಫೋನ್ ಮಾಡಿದ್ದರು. ಸೀಟು ಆಗಲೇ ನನ್ನದು ಎಂದು ಗೊತ್ತಿದ್ದರೆ ತೆಗೆದುಕೊಡುತ್ತಿದ್ದೆನೇ ಎಂದು ನನ್ನನ್ನೇ ಕೇಳಿಕೊಂಡೆ. ಕೊಡುತ್ತಿರಲಿಲ್ಲ. ಆಗಲೂ ಕೇಳುತ್ತಿದ್ದೆ.

ಸಂಜೆ ಎರಡು ಸಲ ಅವರ ಮನೆಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಶುಕ್ರವಾರ ಬೆಳಗ್ಗೆ ಕೌಂಟರಿನ ಸರದಿ ನನ್ನದು. ಗಾಜಿನ ಕಿಟಕಿಯ ಆಚೆ ನಾಲ್ಕನೆಯವರಾಗಿ ದೊಡ್ಡಕ್ಕ ನಿಂತಿದ್ದರು. ಇಸ್ತ್ರಿ ಮಾಡಿದ ಬಟ್ಟೆ, ಬಿಗಿಯಾಗಿ ಬಾಚಿದ ತಲೆ. ತಮ್ಮ ಸರದಿ ಬರುವ ತನಕ ಒಮ್ಮೆಯೂ ನನ್ನ ಕಡೆ ನೋಡಲಿಲ್ಲ. ಬಂದ ಮೇಲೆ ಕಾರ್ಡನ್ನು ಗಾಜಿನ ಕೆಳಗಿನಿಂದ ತಳ್ಳಿದರು.

“ನೋಡು. ನಾನೇನಾ?”

“ಅಕ್ಕ, ನಿನ್ನೆ...”

“ಹಿಂದೆ ಜನ ಕಾಯ್ತಿದ್ದಾರೆ. ನಿನ್ನ ಕೆಲಸ ನೀನು ಮಾಡು.”

ಕಾರ್ಡನ್ನು ಯಂತ್ರಕ್ಕೆ ಹಚ್ಚಿದೆ. ಕಾರ್ಡ್ ತಂದವರ ದಾಖಲೆ ಪೂರ್ತಿ ತೆರೆಯುತ್ತದೆ, ಅದನ್ನು ಅವರ ಮುಂದೆ ಓದಿ ಎಲ್ಲ ಸರಿಯಿದೆಯೇ ಎಂದು ಕೇಳಿ ಗುರುತು ಹಾಕಬೇಕು. ಹೆಸರು ಓದಿದೆ, ತಲೆಯಾಡಿಸಿದರು. ಹುಟ್ಟಿದ ತಾರೀಕು ಓದಿದೆ, ತಲೆಯಾಡಿಸಿದರು. ಅದರ ಕೆಳಗಿನ ಸಾಲಿಗೆ ಬಂದು ನಾನು ನಿಂತೆ.

ತುರ್ತು ಹೊತ್ತಿನಲ್ಲಿ ತಿಳಿಸಬೇಕಾದವರು ಎಂಬಲ್ಲಿ ಇದ್ದದ್ದು ನನ್ನ ಹೆಸರು. ನನ್ನ ಪೂರ್ತಿ ಹೆಸರು, ಒಂದು ಅಕ್ಷರವೂ ತಪ್ಪಿಲ್ಲದೆ. ಫೋನ್ ನಂಬರಿನ ಜಾಗದಲ್ಲಿ ಮುಚ್ಚಿಹೋದ ಎಕ್ಸ್‌ಚೇಂಜಿನ ನಂಬರು. ಸಂಬಂಧ ಎಂಬಲ್ಲಿ, ತಂಗಿ.

“ಯಾವಾಗ ಬರೆಸಿದ್ರಿ ಇದನ್ನ?” ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ.

“ಅಮ್ಮ ತೀರಿಕೊಂಡ ವರ್ಷ. ಅವಳ ಹೆಸರು ತೆಗೆದು ಬೇರೆ ಯಾವುದಾದ್ರೂ ಬರೆಸಿ ಅಂದ್ರು.”

“ನನಗೆ ಹೇಳಲೇ ಇಲ್ಲ.”

“ಹೇಳೋಕೇನಿತ್ತು? ಪಕ್ಕದಲ್ಲೇ ಕೂತಿರ್ತಿದ್ದೆಯಲ್ಲ.” ಈಗ ನನ್ನ ಕಡೆ ನೋಡಿದರು. ಕಣ್ಣಿನ ಪೊರೆಯಿಂದಲೋ ಏನೋ, ನೋಟ ಸ್ವಲ್ಪ ಪಕ್ಕಕ್ಕೆ ಹೋಗುತ್ತಿತ್ತು. “ನಿನ್ನೆ ಹೇಗೆ ಹೇಳಲಿ ನಾನು? ಪರೀಕ್ಷೆಗೆ ಉತ್ತರ ಹೇಳೋ ಹಾಗೆ ನಿನ್ನ ಹೆಸರನ್ನ ನಿನಗೇ ಹೇಳಲಾ?”

ಗಾಜು ನಡುವೆ ಇಲ್ಲದಿದ್ದರೆ ಅವರ ಕೈ ಹಿಡಿದುಕೊಳ್ಳುತ್ತಿದ್ದೆ. ನಾನು ಎಕ್ಸ್‌ಚೇಂಜಿನ ನಂಬರು ಅಳಿಸಿ ನನ್ನ ಮನೆಯ ನಂಬರು ಬರೆದೆ. ಆಪರೇಷನ್ ತಾರೀಕನ್ನು ದಪ್ಪ ಅಕ್ಷರದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟು, ಅವತ್ತು ನಾನು ರಜೆ ಹಾಕುತ್ತೇನೆ ಎಂದೆ. ಬೇಡ ಎನ್ನಲಿಲ್ಲ. ಇನ್ನು ಒಂದೇ ಸಾಲು ಉಳಿದಿತ್ತು, ಅದನ್ನೂ ಕೇಳಬೇಕಿತ್ತು.

“ಸಂಬಂಧ, ತಂಗಿ ಅಂತಿದೆ. ಇದು ಸರಿಯಿದೆಯಾ ಅಕ್ಕ?”

“ನನ್ನೇನು ಕೇಳ್ತೀಯಾ,” ಎಂದರು ದೊಡ್ಡಕ್ಕ. “ನೀನೇ ಹೇಳು.”

ನಾನು ಸರಿಯಿದೆ ಎಂದು ಗುರುತು ಹಾಕಿದೆ.